ಪುಲಕೇಶಿಯೋ, ಪುಲಿಕೇಶಿಯೋ? ಅಜ್ಜನಿಂದ ಮೊಮ್ಮಗನಿಗೆ ಬಂದ ಒಂದು ಹೆಸರು

ಪ್ರಶ್ನೆ: ನಮಗೆ ಹೋದ ತಿಂಗಳು ಗಂಡು ಮಗು ಹುಟ್ಟಿದೆ. ಇರುವುದು ಡೊಂಬಿವಲಿಯಲ್ಲಿ. ನಮ್ಮವರ ಊರು ಬಾದಾಮಿ ಹತ್ತಿರ, ನನ್ನ ತವರು ಉಡುಪಿ. ಮಗುವಿಗೆ ಪುಲಕೇಶಿ ಅಂತಲೇ ಹೆಸರಿಡಬೇಕು ಅನ್ನೋದು ನಮ್ಮವರ ಹಟ. ನನ್ನ ಅಮ್ಮ ‘ಅದೆಂಥ ಪುಳಿ, ಹುಣಸೆಹುಳಿ’ ಅಂತ ನಗುತ್ತಾರೆ. ಅತ್ತೆಯವರಿಗೆ ಕೇಶಿ ಅಂದರೆ ರಾಕ್ಷಸನ ಹೆಸರಲ್ವಾ ಅನ್ನುವ ಅಳುಕು. ಈ ಹೆಸರಿನ ಅರ್ಥ ಏನು? ಪುಲಕೇಶಿ ಸರಿಯೋ, ಪುಲಿಕೇಶಿ ಸರಿಯೋ? ಅಷ್ಟು ದೊಡ್ಡ ರಾಜನ ಹೆಸರನ್ನು ಯಾರೂ ಯಾಕೆ ಇಡುವುದಿಲ್ಲ? ಮುಂಬೈಯಲ್ಲಿ ಬೆಳೆಯುವ ಹುಡುಗನಿಗೆ ಇದು ಭಾರವಾಗುತ್ತದಾ?

ಉತ್ತರ: ನಿಮ್ಮ ಅಮ್ಮ ನಕ್ಕಿದ್ದು ಸುಮ್ನೆ ಅಲ್ಲ. ತುಳುವಿನಲ್ಲಿ ಪುಳಿ ಅಂದರೆ ಹುಳಿ. ಹುಲಿಗೆ ಅವರು ಪಿಲಿ ಅನ್ನುತ್ತಾರೆ. ಅಷ್ಟಮಿಗೆ ಪಿಲಿವೇಷ ನೋಡಿ ಬೆಳೆದವರ ಕಿವಿಗೆ ‘ಪುಲಿ’ ಅಂದಾಗ ಹುಲಿ ಕಾಣುವುದಿಲ್ಲ, ಬಂಗುಡೆ ಪುಳಿಮುಂಚಿ ಕಾಣುತ್ತದೆ. ಆದರೆ ನಗುತ್ತಾ ನಗುತ್ತಾ ಅವರು ಈ ಹೆಸರಿನ ಸರಿಯಾದ ಗಂಟಿಗೇ ಕೈ ಹಾಕಿದ್ದಾರೆ. ಪುಲಕೇಶಿಯಲ್ಲಿ ಜಗಳ ಇರುವುದು ಹಿಂದಿನ ‘ಕೇಶಿ’ಯ ಬಗ್ಗೆ ಅಲ್ಲ, ಮುಂದಿನ ‘ಪುಲ’ದ ಬಗ್ಗೆ.

ಕನ್ನಡದಲ್ಲಿ ಒಂದು ಕಾಲಕ್ಕೆ ಹುಲಿಗೆ ಪುಲಿ ಅಂತಲೇ ಹೆಸರಿತ್ತು. ಹಾಲು ಪಾಲಾಗಿತ್ತು, ಹೂ ಪೂ ಆಗಿತ್ತು. ಹತ್ತನೇ ಶತಮಾನದ ಆಚೀಚೆ ಈ ಪಕಾರ ಮೆಲ್ಲಗೆ ಹಕಾರವಾಗುತ್ತಾ ಬಂತು. ಲಕ್ಷ್ಮೇಶ್ವರಕ್ಕೆ ಹಿಂದೆ ಪುಲಿಗೆರೆ ಅಂತ ಹೆಸರು, ಆಮೇಲೆ ಅದೇ ಹುಲಿಗೆರೆ ಆಯಿತು. ಪುಲಕೇಶಿ ಅನ್ನುವ ಹೆಸರು ಜನರ ಬಾಯಲ್ಲಿ ಉಳಿದಿದ್ದರೆ ಇವತ್ತು ನಿಮ್ಮ ಯಜಮಾನರು ಮಗುವಿಗೆ ‘ಹುಲಿಕೇಶಿ’ ಅಂತ ಹೆಸರಿಡಲು ಹಟ ಹಿಡಿಯುತ್ತಿದ್ದರೇನೋ. ಹಾಗಾಗಲಿಲ್ಲ. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅರ್ಥ. ವಿದ್ವಾಂಸರಲ್ಲಿ ಎರಡು ಪಂಗಡ. ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿ, ಚಾಲುಕ್ಯರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರು, ಇದು ಅರ್ಧ ಕನ್ನಡ ಅರ್ಧ ಸಂಸ್ಕೃತ ಅಂದರು. ಪುಲಿ ಮತ್ತು ಕೇಶ ಸೇರಿ ‘ಹುಲಿಗೂದಲಿನವನು’. ನೀಲಕಂಠ ಶಾಸ್ತ್ರಿಗಳು ಪೂರ್ತಿ ಸಂಸ್ಕೃತ ಅಂದರು. ಸಂಸ್ಕೃತದಲ್ಲಿ ಕೇಶಿ ಅಂದರೆ ಕೇಸರವುಳ್ಳ ಸಿಂಹವೂ ಹೌದಾದ್ದರಿಂದ ‘ಮಹಾಸಿಂಹ’ ಅಂತ ಅರ್ಥ ಮಾಡಿದರು. ಕೆಲವರು ಪುಲಕ, ರೋಮಾಂಚನ ಅಂತಲೂ ಎಳೆಯುವುದುಂಟು. ಮಕ್ಕಳ ಹೆಸರಿನ ಪುಸ್ತಕಗಳಲ್ಲಿ ‘ಸದಾ ಪುಲಕಿತನಾಗಿರುವವನು’ ಅಂತ ಇರುವುದು ಇದೇ ಎಳೆತದಿಂದ. ಅದನ್ನು ಪಕ್ಕಕ್ಕಿಡಿ.

ನನ್ನ ಓಟು ಫ್ಲೀಟ್ ಕಡೆಗೆ. ಕಾರಣ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲಿದೆ. ಶಕ 556, ಅಂದರೆ ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಅಲ್ಲಿ ಬರೆಸಿದ ಸಂಸ್ಕೃತ ಶಾಸನದಲ್ಲಿ ಒಂದನೇ ಪುಲಕೇಶಿಯನ್ನು ಹೇಳುವ ಸಾಲು ಹೀಗಿದೆ:

ತಸ್ಯಾಭವತ್ತನೂಜಃ ಪೊಲೆಕೇಶೀ ಯಃ ಶ್ರಿತೇಂದುಕಾಂತಿರಪಿ

ಇಲ್ಲಿ ಪುಲವೂ ಇಲ್ಲ, ಪುಲಿಯೂ ಇಲ್ಲ. ಪೊಲೆ ಇದೆ! ಆ ಕಾಲದ ಲಿಪಿಯಲ್ಲಿ ಒ, ಓ ಎರಡಕ್ಕೂ ಒಂದೇ ಗುರುತು, ಎ, ಏ ಕೂಡ ಹಾಗೇ. ಹಾಗಾದರೆ ಇದು ಪೊಲೆಯೋ ಪೋಲೇಯೋ? ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಪೆನ್ನು ತಗೊಳ್ಳಿ. ಪದ್ಯ ಇರುವುದು ಆರ್ಯಾ ಛಂದಸ್ಸಿನಲ್ಲಿ. ಮೊದಲ ಪಾದಕ್ಕೆ 12 ಮಾತ್ರೆ, ಎರಡನೆಯದಕ್ಕೆ 18. ‘ತಸ್ಯಾಭವತ್ತನೂಜಃ’ ಸರಿಯಾಗಿ 12 ಬರುತ್ತದೆ. ಮುಂದೆ, ಪೊ ಒಂದು, ಲೆ ಒಂದು, ಕೇ ಎರಡು, ನಾಲ್ಕಾಯಿತು. ಶೀ ಎರಡು, ಯಃ ಎರಡು. ಶ್ರಿ ಒಂದು, ತೇಂ ಎರಡು, ದು ಒಂದು. ಕಾಂ ಎರಡು, ತಿ ಒಂದು, ರ ಒಂದು. ಕೊನೆಯ ಪಿ ಪಾದದ ಅಂತ್ಯವಾದ್ದರಿಂದ ಗುರು, ಎರಡು. ಕೂಡಿಸಿ, 18. ಪೋ, ಲೇ ಅಂತ ಎಳೆದು ಓದಿದರೆ 20 ಆಗಿ ಪದ್ಯ ಮುಗ್ಗರಿಸುತ್ತದೆ.

ಅಂದರೆ ರವಿಕೀರ್ತಿ ಹ್ರಸ್ವ ಒ, ಹ್ರಸ್ವ ಎ ಅಂತಲೇ ಉಚ್ಚರಿಸಿದ್ದಾನೆ. ಸಂಸ್ಕೃತದಲ್ಲಿ ಹ್ರಸ್ವ ಎ ಇಲ್ಲ, ಹ್ರಸ್ವ ಒ ಇಲ್ಲ. ಅವು ನಮ್ಮವು. ಕಾಳಿದಾಸ, ಭಾರವಿಯರ ಸಾಲಿಗೆ ತನ್ನನ್ನು ಸೇರಿಸಿಕೊಂಡ ಕವಿ ಇವನು. ಇಂಥವನು ಅಪ್ಪಟ ಸಂಸ್ಕೃತ ಶಬ್ದ ಕೈಯಲ್ಲಿದ್ದರೆ ಅದನ್ನು ಯಾಕೆ ಕೆಡಿಸಿಕೊಳ್ಳುತ್ತಾನೆ ಹೇಳಿ. ಸುತ್ತಲಿನವರು ಕರೆಯುತ್ತಿದ್ದ ಹೆಸರನ್ನು ಕಿವಿಗೆ ಬಿದ್ದ ಹಾಗೆ ಪದ್ಯಕ್ಕೆ ತಂದಿದ್ದಾನೆ. ಬೇರೆ ಶಾಸನಗಳಲ್ಲಿ ಪುಲಿಕೇಶಿ, ಪುಲಕೇಶಿ ಅಂತ ರೂಪ ಬದಲಾಗುವುದೂ ಇದಕ್ಕೇ. ಹೆಸರಿನ ಮೊದಲರ್ಧ ಕನ್ನಡದ ಬಾಯಿಯದು, ಸಂಸ್ಕೃತದ ಹಾಳೆಗೆ ಇಳಿಸುವಾಗ ಒಬ್ಬೊಬ್ಬರು ಒಂದೊಂದು ಥರ ಇಳಿಸಿದರು. ಹುಲಿಗೆ ಸಿಂಹದ ಹಾಗೆ ಕೇಸರ ಎಲ್ಲಿದೆ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಹುಲಿಬಣ್ಣದ ಕೂದಲೋ, ಹುಲಿಯ ಹಾಗೆ ಸೆಟೆದು ನಿಂತ ಕೂದಲೋ, ಹೇಗಾದರೂ ಅರ್ಥ ಮಾಡಿಕೊಳ್ಳಿ. ಹುಟ್ಟಿದಾಗ ಆ ಮಗುವಿನ ತಲೆ ನೋಡಿದ ಅಜ್ಜಿಗೇ ಗೊತ್ತು.

ಹೀಗೆ ಕನ್ನಡಕ್ಕೂ ಸಂಸ್ಕೃತಕ್ಕೂ ಗಂಟು ಹಾಕಿದ ಸಮಾಸಕ್ಕೆ ನಮ್ಮ ವ್ಯಾಕರಣದಲ್ಲಿ ಅರಿಸಮಾಸ ಅಂತ ಹೆಸರು. ಶಬ್ದಮಣಿದರ್ಪಣ ಬರೆದ ಹದಿಮೂರನೇ ಶತಮಾನದ ವೈಯಾಕರಣ ಅದನ್ನು ದೋಷ ಅಂತಲೇ ಹೇಳಿದರೂ ಬಿರುದುಗಳಲ್ಲಿ ಇದ್ದರೆ ಇರಲಿ ಅಂತ ರಿಯಾಯಿತಿ ಕೊಟ್ಟ. ಆ ವೈಯಾಕರಣನ ಹೆಸರೇನು? ಕೇಶಿರಾಜ.

ಇದನ್ನು ನಿಮ್ಮ ಅತ್ತೆಯವರಿಗೆ ಹೇಳಿ. ಭಾಗವತದಲ್ಲಿ ಕುದುರೆಯ ರೂಪದಲ್ಲಿ ಬಂದು ಕೃಷ್ಣನ ಕೈಯಲ್ಲಿ ಸತ್ತ ಕೇಶಿ ಒಬ್ಬ ಇದ್ದಾನೆ, ನಿಜ. ಗೀತೆಯ ಕೊನೆಯ ಅಧ್ಯಾಯದ ಮೊದಲ ಶ್ಲೋಕದಲ್ಲಿ ಅರ್ಜುನ ಕೃಷ್ಣನನ್ನು ‘ಕೇಶಿನಿಷೂದನ’ ಅಂತ ಕರೆಯುವುದು ಅದಕ್ಕೇ. ಆದರೆ ಋಗ್ವೇದದ ಹತ್ತನೇ ಮಂಡಲದಲ್ಲಿ ಜಡೆ ಬಿಟ್ಟ ಮುನಿಯನ್ನು ಕೇಶಿ ಅಂತ ಹೊಗಳುವ ಸೂಕ್ತವೂ ಇದೆ. ಕೇಶಿ ಅಂದರೆ ಕೂದಲುಳ್ಳವನು, ಅಷ್ಟೇ. ಕನ್ನಡಕ್ಕೆ ವ್ಯಾಕರಣ ಕೊಟ್ಟವನಿಗೆ ಒಗ್ಗಿದ ಹೆಸರು ನಿಮ್ಮ ಮಗುವಿಗೆ ಒಗ್ಗದೇ ಇರುತ್ತದಾ?

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಈ ಹೆಸರಿನ ರಾಜರು ಎಷ್ಟು ಜನ ಅಂತ ಕೇಳಿದರೆ ನಾವೆಲ್ಲ ಇಬ್ಬರು ಅನ್ನುತ್ತೇವೆ. ಒಂದನೆಯವನು ಬಾದಾಮಿಯ ಕೋಟೆ ಕಟ್ಟಿಸಿದವನು. ಅಲ್ಲಿನ ಬಂಡೆಯ ಮೇಲೆ ಶಕ 465, ಕ್ರಿ.ಶ. 543ರ ಶಾಸನ ಇದೆ. ಅದರಲ್ಲಿ ಅವನನ್ನು ಕರೆದಿರುವುದು ವಲ್ಲಭೇಶ್ವರ ಅಂತ. ಎರಡನೆಯವನು ನಮ್ಮ ಇಮ್ಮಡಿ, ಒಂದನೆಯವನ ಮಗ ಕೀರ್ತಿವರ್ಮನ ಮಗ. ಅಂದರೆ ಮೊಮ್ಮಗ. ಮೂರನೆಯವನೊಬ್ಬ ಇದ್ದಾನೆ, ಪಠ್ಯಪುಸ್ತಕದಲ್ಲಿ ಅವನಿಗೆ ಜಾಗ ಸಿಕ್ಕಿಲ್ಲ. ಅವನಿಜನಾಶ್ರಯ ಪುಲಕೇಶಿ. ನಿಮ್ಮ ಕಡೆಯಿಂದ ಸೂರತ್‌ಗೆ ಹೋಗುವ ರೈಲಿನಲ್ಲಿ ಸೂರತ್‌ಗೆ ಸ್ವಲ್ಪ ಮೊದಲು ಸಿಗುವ ನವಸಾರಿ ಇದೆಯಲ್ಲ, ಅಲ್ಲಿ ಸಿಕ್ಕ ಅವನ ತಾಮ್ರಪಟ ಕ್ರಿ.ಶ. 738-39ರದು. ಸಿಂಧ್ ಕಡೆಯಿಂದ ಬಂದ ಅರಬ್ಬರ ಸೈನ್ಯವನ್ನು ಹಿಮ್ಮೆಟ್ಟಿಸಿದ್ದಕ್ಕೆ ಬಾದಾಮಿಯ ದೊರೆ ಇವನಿಗೆ ಬಿರುದುಗಳನ್ನು ಕೊಟ್ಟ ಅಂತ ಅದರಲ್ಲಿದೆ. ಒಂದು ಬಿರುದು ‘ದಕ್ಷಿಣಾಪಥಸಾಧಾರ’, ದಕ್ಷಿಣಾಪಥಕ್ಕೆ ಗಟ್ಟಿ ಆಧಾರ. ಇವನ ಅಪ್ಪ ಧರಾಶ್ರಯ ಜಯಸಿಂಹ. ಜಯಸಿಂಹನ ಅಪ್ಪ ಇಮ್ಮಡಿ ಪುಲಕೇಶಿ.

ನೋಡಿದಿರಾ? ಮೂವರು ಪುಲಕೇಶಿಗಳು. ಎರಡನೆಯವನು ಒಂದನೆಯವನ ಮೊಮ್ಮಗ, ಮೂರನೆಯವನು ಎರಡನೆಯವನ ಮೊಮ್ಮಗ. ಬಾದಾಮಿ ಸೀಮೆಯಲ್ಲಿ ಇವತ್ತಿಗೂ ಹಿರಿಯ ಮಗನಿಗೆ ಮುತ್ಯಾನ ಹೆಸರಿಡುವುದಿಲ್ಲವೇ, ಇದೂ ಅದೇ ಪದ್ಧತಿ. ಅರಮನೆಯಾದರೇನು, ಮನೆಯಾದರೇನು.

ಇಮ್ಮಡಿಗೆ ಮನೆಯಲ್ಲಿ ಇನ್ನೊಂದು ಹೆಸರೂ ಇದ್ದ ಹಾಗಿದೆ. ಪೆದ್ದವಡುಗೂರು ಶಾಸನದಲ್ಲಿ ‘ಎರೆಯಿತಿಯಡಿಗಳ್’ ಅಂತ ಬರುತ್ತದೆ. ಎರೆಯ ಅಂದರೆ ಹಳಗನ್ನಡದಲ್ಲಿ ಒಡೆಯ. ಪಟ್ಟಕ್ಕೆ ಬರುವ ಮುಂಚೆ ಅವನು ಎರೆಯ ಅಂತ ಕರೆಸಿಕೊಳ್ಳುತ್ತಿದ್ದ, ಸಿಂಹಾಸನ ಏರಿದ ಮೇಲೆ ಅಜ್ಜನ ಹೆಸರು ತಗೊಂಡ ಅನ್ನುವ ವಾದ ಇದೆ. ನನಗೆ ಒಪ್ಪಿಗೆಯೇ. ಚಿಕ್ಕಪ್ಪ ಮಂಗಲೇಶನನ್ನು ಸೋಲಿಸಿ ಪಟ್ಟಕ್ಕೆ ಬಂದವನಿಗೆ ‘ನಾನು ಆ ಪುಲಕೇಶಿಯ ಮೊಮ್ಮಗ’ ಅಂತ ಹೆಸರಲ್ಲೇ ಹೇಳಿಕೊಳ್ಳುವ ಅಗತ್ಯ ಇತ್ತಲ್ಲ.

ನವಸಾರಿಯವನ ನಂತರ ಸರಪಳಿ ಕಡಿಯಿತು. ಬಾದಾಮಿಯ ಗದ್ದುಗೆಯ ಮೇಲಂತೂ ಇಮ್ಮಡಿಯ ನಂತರ ಇನ್ನೊಬ್ಬ ಪುಲಕೇಶಿ ಕೂರಲೇ ಇಲ್ಲ. ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯ ಅಂತ ಸಾಲಾಗಿ ಆದಿತ್ಯರು ಬಂದರು. ‘ನಾವು ಬಾದಾಮಿಯವರ ವಂಶ’ ಅಂತ ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ತೈಲಪ, ಸೋಮೇಶ್ವರ, ಜಯಸಿಂಹ, ವಿಕ್ರಮಾದಿತ್ಯ ಇದ್ದಾರೆ. ಇಮ್ಮಡಿಯ ಸತ್ಯಾಶ್ರಯ ಅನ್ನುವ ಬಿರುದೂ ಒಬ್ಬ ರಾಜನ ಹೆಸರೇ ಆಗಿದೆ. ಪುಲಕೇಶಿ ಮಾತ್ರ ಇಲ್ಲ!

ಯಾಕಿರಬಹುದು? 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಗೇ ನುಗ್ಗಿ ‘ವಾತಾಪಿಕೊಂಡ’ ಅನ್ನಿಸಿಕೊಂಡ. ಪುಲಕೇಶಿ ಬಹುಶಃ ಆ ಯುದ್ಧದಲ್ಲೇ ತೀರಿಕೊಂಡ. ಪಲ್ಲವರ ಕೂರಂ ತಾಮ್ರಪಟದಲ್ಲಿ ಒಂದು ಕುಹಕ ಇದೆ. ಓಡುತ್ತಿದ್ದ ಪುಲಕೇಶಿಯ ಬೆನ್ನನ್ನೇ ತಾಮ್ರದ ಹಲಗೆ ಮಾಡಿಕೊಂಡು ನರಸಿಂಹವರ್ಮ ಅದರ ಮೇಲೆ ‘ವಿಜಯ’ ಅಂತ ಮೂರಕ್ಷರ ಬರೆದನಂತೆ. ಇಂಥ ಮಾತು ಅಂಟಿಕೊಂಡ ಹೆಸರನ್ನು ಯುವರಾಜನಿಗೆ ಇಡಲು ಅರಮನೆಗೆ ಮನಸ್ಸಾಗಲಿಲ್ಲವೇನೋ. ಇದು ನನ್ನ ಊಹೆ, ಶಾಸನದಲ್ಲಿ ಎಲ್ಲೂ ಇಲ್ಲ.

ಅರಮನೆಯಲ್ಲಿ ಕಡಿದದ್ದು ಊರಲ್ಲಿ ಹೇಗೆ ಉಳಿಯುತ್ತದೆ? ನಮ್ಮ ಮನೆಗಳಿಗೆ ಹೆಸರು ಬರುವ ಬಾಗಿಲು ಎರಡೇ. ದೇವರು, ಇಲ್ಲವೇ ಅಜ್ಜ. ಪುಲಕೇಶಿ ಅನ್ನುವ ದೇವರಿಲ್ಲ. ಅಜ್ಜಂದಿರಲ್ಲಿ ಯಾರಿಗೂ ಆ ಹೆಸರಿರಲಿಲ್ಲ. ಹಾಗಾಗಿ ಮೊಮ್ಮಕ್ಕಳಿಗೂ ಇಲ್ಲ. ಜನ ಯಾಕೆ ಇಡುವುದಿಲ್ಲ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಸಾವಿರ ವರ್ಷಕ್ಕೂ ಜಾಸ್ತಿ ಈ ಹೆಸರು ಕಲ್ಲಿನ ಮೇಲೂ ತಾಮ್ರದ ಮೇಲೂ ಮಲಗಿತ್ತು. ಹಾಗೆ ಮಲಗಿದ್ದರಿಂದಲೇ ಅದರ ಪಕಾರ ಹಕಾರವಾಗಲಿಲ್ಲ.

ಅದನ್ನು ಎಬ್ಬಿಸಿದ್ದು ಎಲ್ಲಿ ಗೊತ್ತಾ? ನಿಮ್ಮ ಮುಂಬೈಯಲ್ಲೇ. ಬ್ರಿಟಿಷರ ಕಾಲದಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರ ಎಲ್ಲ ಮುಂಬೈ ಇಲಾಖೆಯ, ಅಂದರೆ ಬಾಂಬೆ ಪ್ರೆಸಿಡೆನ್ಸಿಯ, ಜಿಲ್ಲೆಗಳು. ಫ್ಲೀಟ್ ಕೂಡ ಮುಂಬೈ ಇಲಾಖೆಯ ನೌಕರರೇ. ಕಂದಾಯದ ಕೆಲಸದ ನಡುವೆ ಶಾಸನ ಓದಿದರು, ನಮ್ಮ ಲಾವಣಿಗಳನ್ನೂ ಬರೆದಿಟ್ಟುಕೊಂಡರು. ಕನ್ನಡ ಜಿಲ್ಲೆಗಳ ಅರಸು ಮನೆತನಗಳ ಬಗ್ಗೆ ಅವರ ಪುಸ್ತಕ 1882ರಲ್ಲಿ ಮುಂಬೈಯಲ್ಲಿ ಅಚ್ಚಾಯಿತು. ಎರಡು ವರ್ಷಕ್ಕೆ ರಾಮಕೃಷ್ಣ ಗೋಪಾಲ ಭಾಂಡಾರ್ಕರರ ದಖ್ಖನ್ ಇತಿಹಾಸ ಬಂತು. ಇವನ್ನೆಲ್ಲ ಓದಿ ಮೈ ಜುಮ್ಮೆಂದ ಕನ್ನಡದ ಹುಡುಗರ ಒಂದು ತಲೆಮಾರೇ ಇತ್ತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು 1917ರಲ್ಲಿ ಕರ್ನಾಟಕದ ಗತವೈಭವವನ್ನು ಕನ್ನಡದಲ್ಲಿ ಬರೆದಾಗ ಪುಲಕೇಶಿ ಕಲ್ಲಿನಿಂದಿಳಿದು ಮನೆಯೊಳಗೆ ಬಂದ. ಏಕೀಕರಣದ ಭಾಷಣಗಳಲ್ಲಿ ಬಂದ. 1967ರಲ್ಲಿ ರಾಜ್‌ಕುಮಾರ್ ಪುಲಿಕೇಶಿಯಾಗಿ ತೆರೆಯ ಮೇಲೆ ಬಂದರು. ನಾನು ಕಂಡ ಪುಲಕೇಶಿಗಳೆಲ್ಲ ಇದರ ಆಚೀಚೆ ಹುಟ್ಟಿದವರೇ. ಒಬ್ಬರ ತಂದೆ ಕನ್ನಡ ಮಾಸ್ತರು, ಇನ್ನೊಬ್ಬರ ತಂದೆ ಏಕೀಕರಣದ ಕಾರ್ಯಕರ್ತರು. ಮುಂಬೈಯಲ್ಲಿ ಮೂರು ದಶಕ ಕನ್ನಡ ಪಾಠ ಹೇಳಿದ ನನ್ನ ಹಾಜರಿ ಪುಸ್ತಕದಲ್ಲಿ ಈ ಹೆಸರು ಒಂದೇ ಒಂದು ಸಲ ಬಂದಿದೆ.

ಅದೇ ಹಾಜರಿ ಪುಸ್ತಕದಲ್ಲಿ ಹರ್ಷ, ಹರ್ಷದ್, ಹರ್ಷವರ್ಧನ ಎಷ್ಟು ಸಲ ಬಂದಿರಬಹುದು! ಲೆಕ್ಕ ಇಟ್ಟಿಲ್ಲ. ಇದೊಂದು ತಮಾಷೆ ನೋಡಿ. ನರ್ಮದೆಯ ದಡದಲ್ಲಿ ಗೆದ್ದವನು ನಮ್ಮವನು. ಸೋತವನು ಕನೌಜಿನ ಹರ್ಷ. ಹರ್ಷನ ಹರ್ಷವೇ ಭಯದಿಂದ ಸೋರಿಹೋಯಿತು ಅಂತ ರವಿಕೀರ್ತಿ ಅವನ ಹೆಸರಿನ ಮೇಲೇ ಶ್ಲೇಷೆ ಮಾಡಿ ಅಣಕಿಸಿದ್ದಾನೆ. ಹದಿನಾಲ್ಕು ಶತಮಾನ ಕಳೆದ ಮೇಲೆ ಬಾಗಲಕೋಟೆಯ ತೊಟ್ಟಿಲಲ್ಲೂ ಹರ್ಷನೇ ಮಲಗಿದ್ದಾನೆ. ಹರ್ಷ ಅಂದರೆ ಸಂತೋಷ ಅಂತ ಯಾರಿಗಾದರೂ ಥಟ್ಟನೆ ಗೊತ್ತಾಗುತ್ತದೆ. ಪುಲಕೇಶಿಗೆ ಪ್ರಸ್ತಾರ ಹಾಕಬೇಕು.

ಈ ಯುದ್ಧದ ಕಾಲ ಗೊತ್ತಾದದ್ದಕ್ಕೂ ನಿಮ್ಮ ರಾಜ್ಯದ ನಂಟಿದೆ. ಅದು 630ರ ಹೊತ್ತಿನದು ಅಂತ ಬಹುಕಾಲ ನಂಬಿದ್ದವರು ಜಾಸ್ತಿ. ಪುಣೆಯ ಭಾಂಡಾರ್ಕರ್ ಸಂಸ್ಥೆಯ ವಿದ್ವಾಂಸರು ಮುಂಬೈಯ ಸಂಗ್ರಹವೊಂದರಲ್ಲಿದ್ದ ತಾಮ್ರಪಟಗಳನ್ನು ಓದಿ 2016ರಲ್ಲಿ ಹೊರಗೆಡಹಿದರು. ಅವುಗಳ ತಾರೀಖು 619ರ ಏಪ್ರಿಲ್ 4ಕ್ಕೆ ಸರಿಹೊಂದುತ್ತದೆ. ಹರ್ಷನನ್ನು ಗೆದ್ದದ್ದು ಅದರಲ್ಲಾಗಲೇ ಇದೆ. ಅಂದರೆ ಯುದ್ಧ ಅದಕ್ಕೂ ಮುಂಚೆ ಮುಗಿದಿತ್ತು.

ಈಗ ಮುಂಬೈಯಲ್ಲಿ ಭಾರವಾಗುತ್ತದಾ ಅನ್ನುವ ಮಾತು. ನಿಮ್ಮ ಮರಾಠಿ ನೆರೆಹೊರೆಯವರಿಗೆ ಈ ಹೆಸರು ಹೊಸದೇನಲ್ಲ. ಅವರ ಇತಿಹಾಸದ ಪುಸ್ತಕದಲ್ಲೂ ‘ದುಸರಾ ಪುಲಕೇಶೀ’ ಇದ್ದಾನೆ. ಇರಲೇಬೇಕಲ್ಲ. 99,000 ಹಳ್ಳಿಗಳಿದ್ದ ಮೂರು ಮಹಾರಾಷ್ಟ್ರಕಗಳಿಗೆ ಅವನು ಒಡೆಯನಾದ ಅಂತ ಐಹೊಳೆಯ ಶಾಸನವೇ ಹೇಳುತ್ತದೆ. ಅವನ ತಾಮ್ರಪಟಗಳು ನಾಸಿಕ ಜಿಲ್ಲೆಯ ಲೋಹನೇರ್‌ನಲ್ಲಿ ಸಿಕ್ಕಿವೆ, ಕೊಂಕಣದ ಚಿಪಳೂಣಿನಲ್ಲೂ ಸಿಕ್ಕಿವೆ. ಕೊಂಕಣದ ಮೌರ್ಯರ ಪುರಿ ಅನ್ನುವ ಪಟ್ಟಣವನ್ನು, ‘ಪಶ್ಚಿಮ ಸಮುದ್ರದ ಲಕ್ಷ್ಮಿ’ ಅಂತ ಅದಕ್ಕೆ ಹೊಗಳಿಕೆ, ಮದ್ದಾನೆಗಳ ಹಾಗೆ ಕಾಣುವ ನೂರಾರು ಹಡಗುಗಳಲ್ಲಿ ಹೋಗಿ ಮುತ್ತಿದನಂತೆ. ಆ ಪುರಿ ಗೇಟ್‌ವೇಯಿಂದ ಲಾಂಚ್ ಹತ್ತಿ ಹೋಗುವ ಘಾರಾಪುರಿಯೇ ಅಂತ ಹಲವರ ಮತ. ಕೆಲವರು ಜಂಜಿರಾ ಪಕ್ಕದ ರಾಜಾಪುರಿ ಅನ್ನುತ್ತಾರೆ. ಗೋವಾದ ಗಡಿಯಾಚೆಯ ರೇಡಿ ಇದೆಯಲ್ಲ, ಅದನ್ನು ರೇವತಿದ್ವೀಪ ಅಂತ ಕರೆದು ಅವನಿಗಿಂತ ಮೊದಲೇ ಮಂಗಲೇಶ ಗೆದ್ದಿದ್ದ. ಯಾರಾದರೂ ‘ಇದು ನಿಮ್ಮವರ ಹೆಸರೋ ನಮ್ಮವರದೋ’ ಅಂತ ಕೆಣಕಿದರೆ ಇಬ್ಬರದೂ ಅನ್ನಿ. ಸುಳ್ಳೂ ಅಲ್ಲ, ಜಗಳವೂ ಇಲ್ಲ.

ತೊಂದರೆ ಬರುವುದು ಉಚ್ಚಾರದಲ್ಲಿ. ಮರಾಠಿಯವರು ನಡುವಿನ ಅಕಾರ ನುಂಗುತ್ತಾರೆ. ಪುಲಕೇಶಿ ಅವರ ಬಾಯಲ್ಲಿ ‘ಪುಲ್ಕೇಶೀ’. ಶಾಲೆಯಲ್ಲಿ ಎರಡೇ ದಿನಕ್ಕೆ ‘ಪುಲ್ಯಾ’ ಆಗುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಮಹಾರಾಷ್ಟ್ರದಲ್ಲಿ ಗಣೇಶನೂ ಗಣ್ಯಾನೇ. ಮೊದಲೆರಡು ಅಕ್ಷರಕ್ಕೆ ಇಲ್ಲೊಂದು ವಿಶೇಷ ಮರ್ಯಾದೆಯೂ ಇದೆ. ಇಡೀ ಮಹಾರಾಷ್ಟ್ರ ಪ್ರೀತಿಯಿಂದ ‘ಪು.ಲ.’ ಅಂತ ಕರೆದದ್ದು ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆಯವರನ್ನು. ತಮಿಳು ಗೆಳೆಯರು ಸಿಕ್ಕರೆ ಸ್ವಲ್ಪ ನಗಬಹುದು. ಅಲ್ಲಿ 2006ರ ಒಂದು ಹಾಸ್ಯ ಸಿನಿಮಾದ ಪೆದ್ದ ರಾಜನಿಗೆ ಪುಲಿಕೇಶಿ ಅಂತಲೇ ಹೆಸರು. ಪಲ್ಲವರು ಇನ್ನೂ ಬಿಟ್ಟಿಲ್ಲ ಅಂತ ಹೇಳಿ ನಕ್ಕುಬಿಡಿ.

ಉಳಿದದ್ದು ಪುಲಕೇಶಿಯೋ ಪುಲಿಕೇಶಿಯೋ ಅನ್ನುವುದು. ಎರಡಕ್ಕೂ ಶಾಸನದ ಆಧಾರ ಇದೆ, ಯಾವುದೂ ತಪ್ಪಲ್ಲ. ಬೆಂಗಳೂರಿನ ಫ್ರೇಜರ್ ಟೌನ್‌ಗೆ ಈ ರಾಜನ ಹೆಸರಿಟ್ಟಿದ್ದಾರೆ. ಒಂದು ಬೋರ್ಡಿನಲ್ಲಿ ಪುಲಕೇಶಿನಗರ, ಇನ್ನೊಂದರಲ್ಲಿ ಪುಲಿಕೇಶಿನಗರ. ಜನ ಮಾತ್ರ ಫ್ರೇಜರ್ ಟೌನ್ ಅಂತಲೇ ಆಟೋ ಕರೆಯುತ್ತಾರೆ. ಅರ್ಥ ಹುಡುಕುವವರಿಗೆ ಪುಲಿಕೇಶಿ ಹತ್ತಿರ. ನನ್ನನ್ನು ಕೇಳಿದರೆ ಕರೆಯುವುದಕ್ಕೆ ಪುಲಕೇಶಿ ಚೆಂದ. ಅದಕ್ಕೊಂದು ಸಾಕ್ಷಿಯೂ ಇದೆ. ಸುಮಾರು 641ರಲ್ಲಿ ಈ ಸೀಮೆಗೆ ಬಂದ ಚೀನಾದ ಹ್ಯೂಯೆನ್‌ತ್ಸಾಂಗ್ ಈ ದೇಶವನ್ನು ‘ಮೊ-ಹೊ-ಲ-ಚ’ ಅಂತಲೂ ರಾಜನನ್ನು ‘ಪು-ಲೊ-ಕಿ-ಶೆ’ ಅಂತಲೂ ಬರೆದ. ರಾಜ ಬದುಕಿದ್ದಾಗಲೇ ಕಿವಿಯಾರೆ ಕೇಳಿದವನು. ಅವನ ಕಿವಿಗೆ ಪುಲಿಗಿಂತ ಪುಲವೇ ಬಿದ್ದ ಹಾಗಿದೆ, ಅಲ್ವಾ?

ಇನ್ನು ಕಾಗದ ಪತ್ರ. ನನ್ನ ಆ ಒಬ್ಬ ವಿದ್ಯಾರ್ಥಿಯ ಕಥೆ ಕೇಳಿ. ಜನನ ಪತ್ರದಲ್ಲಿ ಪುಲಕೇಶಿ. ಶಾಲೆಗೆ ಸೇರಿಸುವಾಗ ಬರೆದುಕೊಂಡವರು ಕೇಳಿಸಿದ ಹಾಗೆ ‘ಪುಲ್ಕೇಶ್’ ಅಂತ ಬರೆದರು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅದೇ ಉಳಿಯಿತು. ಪಾಸ್‌ಪೋರ್ಟ್ ಮಾಡಿಸುವಾಗ ಅಫಿಡವಿಟ್, ಗೆಜೆಟ್ ಅಂತ ಎಂಟು ತಿಂಗಳು ಅಲೆದ. ಹಾಗಾಗಿ ಇಂಗ್ಲಿಷಿನಲ್ಲಿ ಬರೆಯುವಾಗ ‘ಎಲ್’ ಆದ ಮೇಲಿನ ‘ಎ’ ಬಿಡಬೇಡಿ. ಶಿ ಬರೆಯುವಾಗ ‘ಎಸ್’ ಆದ ಮೇಲೆ ‘ಎಚ್’ ಇರಲಿ. ಇತಿಹಾಸದ ಪುಸ್ತಕ ನೋಡಿ ಕೊನೆಗೆ ‘ಎನ್’ ಹಾಕಲೇಬೇಡಿ. ಅದು ಸಂಸ್ಕೃತದ ಮೂಲ ರೂಪ, ಕರೆಯುವ ರೂಪ ಅಲ್ಲ. ದೇವನಾಗರಿಯಲ್ಲಿ ಕೊನೆಯ ಶಿಗೆ ಮರಾಠಿಯವರು ದೀರ್ಘ ಹಾಕುತ್ತಾರೆ. ಅದು ಅವರ ಬರವಣಿಗೆಯ ನಿಯಮ, ತಿದ್ದಲು ಹೋಗಬೇಡಿ. ಕನ್ನಡದಲ್ಲಿ ಬರೆಯುವಾಗ ನೀವು ಹ್ರಸ್ವ ಇಟ್ಟುಕೊಳ್ಳಿ. ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಇಲ್ಲಿನ ಅರ್ಜಿಗಳಲ್ಲಿ ಮೂರು ಖಾನೆ ಇರುತ್ತದೆ. ನಿಮ್ಮವರ ಕಡೆ ಅಡ್ಡಹೆಸರು ಇದ್ದೇ ಇರುವುದರಿಂದ ತೊಂದರೆಯಿಲ್ಲ.

ಅವಸರವೂ ಇಲ್ಲ. ಜನನದ ನೋಂದಣಿ 21 ದಿನದೊಳಗೆ ಆಗಬೇಕು, ಅದು ಈಗಾಗಲೇ ಆಗಿರುತ್ತದೆ. ಹೆಸರನ್ನು ಆಮೇಲೂ ಸೇರಿಸಬಹುದು. 1969ರ ಕಾನೂನಿನ ಪ್ರಕಾರ ಒಂದು ವರ್ಷದೊಳಗಾದರೆ ಶುಲ್ಕವೇ ಇಲ್ಲ, ತಡ ಶುಲ್ಕ ಕಟ್ಟಿದರೆ 15 ವರ್ಷದವರೆಗೂ ನಡೆಯುತ್ತದೆ. ಅಷ್ಟರಲ್ಲಿ ಒಂದು ಭಾನುವಾರ ಅತ್ತೆ, ಅಮ್ಮ ಇಬ್ಬರನ್ನೂ ಕರೆದುಕೊಂಡು ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಮಾಡಿನಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ದೊಡ್ಡ ದೊಡ್ಡ ಕಲ್ಲಿನ ಹಲಗೆಗಳು ಅಲ್ಲಿವೆ. ಅವುಗಳ ಮುಂದೆ ನಿಂತು ಮಗುವನ್ನು ಆ ಹೆಸರಿನಿಂದ ಒಮ್ಮೆ ಕರೆದು ನೋಡಿ. ಇಬ್ಬರು ಅಜ್ಜಿಯರಲ್ಲಿ ಮೊದಲು ಯಾರ ಬಾಯಿಂದ ಅದು ಸಲೀಸಾಗಿ ಬರುತ್ತದೆ ಅನ್ನುವುದನ್ನು ನನಗೆ ಬರೆದು ತಿಳಿಸಿ. ಉಡುಪಿಯವರು ಅಂತ ನನ್ನ ಅಂದಾಜು.